ಕೆಲಸದ ಜಾಗದಲ್ಲಿ ನಗೆ ಯೋಗ: ದಾವಣಗೆರೆಯಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ದಾವಣಗೆರೆಯ ಕಚೇರಿ, ಕಾರ್ಖಾನೆ, ಶಾಲೆ, ಆಸ್ಪತ್ರೆಗಳಲ್ಲಿ ನಗೆ ಯೋಗ ನಡೆಸಿಕೊಡುವಾಗ ಜನ ಎದುರಿಗೆ ಕೇಳಿದ, ಪತ್ರ ಬರೆದು ಕೇಳಿದ, ವಾಟ್ಸ್‌ಆ್ಯಪ್‌ನಲ್ಲಿ ಧ್ವನಿ ಸಂದೇಶ ಕಳಿಸಿ ಕೇಳಿದ ಪ್ರಶ್ನೆಗಳಲ್ಲಿ ಮತ್ತೆ ಮತ್ತೆ ಬರುವಂಥವನ್ನು ಇಲ್ಲಿ ಒಟ್ಟುಗೂಡಿಸಿದ್ದೇನೆ. ಪ್ರಶ್ನೆಗಳು ಕೇಳಿದವರ ಮಾತಿನಲ್ಲೇ ಇವೆ. ಯಾವ ಪ್ರಶ್ನೆಯನ್ನು ಬೇಕಾದರೂ ನೇರವಾಗಿ ಓದಬಹುದು. ಆದರೆ ಬಿಪಿ, ಹರ್ನಿಯಾ, ಹೃದಯದ ತೊಂದರೆ ಇರುವವರು ಮತ್ತು ಗರ್ಭಿಣಿಯರು ಆರೋಗ್ಯದ ಭಾಗವನ್ನು ಮೊದಲು ಓದಬೇಕೆಂದು ಕೇಳಿಕೊಳ್ಳುತ್ತೇನೆ.

## ಮೊದಲ ಪರಿಚಯ

ಪಾರ್ಕಲ್ಲಿ ಬೆಳಿಗ್ಗೆ ಕೈ ಎತ್ತಿ ನಗ್ತಾರಲ್ಲ, ಅದೇನಾ ಇದು? ಜೋಕ್ ಹೇಳಿ ನಗಿಸ್ತೀರಾ?

ಅದೇ ಇದು, ಆದರೆ ಜೋಕ್ ಹೇಳುವುದಿಲ್ಲ. ಮುಂಬೈಯ ವೈದ್ಯ ಡಾ. ಮದನ್ ಕಟಾರಿಯಾ ಅವರು 1995ರ ಮಾರ್ಚ್ 13ರಂದು ಅಲ್ಲಿನ ಒಂದು ಉದ್ಯಾನದಲ್ಲಿ ಐದು ಜನರೊಂದಿಗೆ ಮೊದಲ ನಗೆಕೂಟವನ್ನು ಆರಂಭಿಸಿದಾಗ ಜೋಕುಗಳನ್ನೇ ನೆಚ್ಚಿಕೊಂಡಿದ್ದರು. ಕೆಲವೇ ದಿನಗಳಲ್ಲಿ ಒಳ್ಳೆಯ ಜೋಕುಗಳೆಲ್ಲ ಮುಗಿದು, ಉಳಿದವು ಒಬ್ಬರಲ್ಲ ಒಬ್ಬರ ಮನಸ್ಸು ನೋಯಿಸುವಂಥವಾದವು. ಆಗ ಅವರು ಜೋಕುಗಳನ್ನು ಪೂರ್ತಿ ಕೈಬಿಟ್ಟು, ಕಾರಣವಿಲ್ಲದೆ ನಗುವುದನ್ನೇ ವ್ಯಾಯಾಮವಾಗಿ ಮಾಡಿದರು. ಯೋಗ ಶಿಕ್ಷಕಿಯಾಗಿದ್ದ ಪತ್ನಿ ಮಾಧುರಿ ಅವರ ನೆರವಿನಿಂದ ಉಸಿರಾಟದ ಅಭ್ಯಾಸಗಳೂ ಅದಕ್ಕೆ ಸೇರಿದವು. ಕೆಲಸದ ಜಾಗಕ್ಕೆ ಈ ಪದ್ಧತಿ ಹೊಂದುವುದು ಮುಖ್ಯವಾಗಿ ಜೋಕುಗಳಿಲ್ಲವೆಂಬ ಕಾರಣಕ್ಕೇ ಎಂದು ನಾನು ನಂಬಿದ್ದೇನೆ. ಇಲ್ಲಿ ಯಾರ ಜಾತಿ, ಭಾಷೆ, ಮೈಬಣ್ಣ, ದಪ್ಪ ದೇಹ, ಬೊಕ್ಕತಲೆಗಳೂ ನಗೆಯ ವಸ್ತುವಾಗುವುದಿಲ್ಲ.

ಇದರಲ್ಲಿ ಯೋಗ ಎಲ್ಲಿದೆ?

ಉಸಿರಿನಲ್ಲಿದೆ. ಗಟ್ಟಿಯಾಗಿ ನಗುವಾಗ ನಾವು ತುಂಡು ತುಂಡಾಗಿ ಉಸಿರನ್ನು ಹೊರಹಾಕುತ್ತೇವೆ, ಹೊಟ್ಟೆಯ ಸ್ನಾಯುಗಳು ಒಳಕ್ಕೆ ಎಳೆದುಕೊಳ್ಳುತ್ತವೆ, ಎದೆ ಮತ್ತು ಹೊಟ್ಟೆಯ ನಡುವಿನ ಸ್ನಾಯುಪದರವಾದ ವಪೆ ಮೇಲೆ ಕೆಳಗೆ ಚಲಿಸುತ್ತದೆ. ನಗು ನಿಂತ ಕೂಡಲೇ ತಾನಾಗಿಯೇ ಒಂದು ದೀರ್ಘ ಉಸಿರು ಒಳಬರುತ್ತದೆ. ಕಂಪ್ಯೂಟರ್ ಮುಂದೆ ಬಗ್ಗಿ ಕುಳಿತವರ ಉಸಿರು ಎದೆಯ ಮೇಲ್ಭಾಗದಲ್ಲೇ ಸುಳಿದಾಡುತ್ತಿರುತ್ತದೆ. ಅಂಥವರು ಎರಡು ಸುತ್ತು ನಕ್ಕು ನಿಂತಾಗ ಮೊದಲು ಹೇಳುವ ಮಾತು "ಉಸಿರು ಸಲೀಸಾಯ್ತು" ಎಂಬುದು. ಆಸನಗಳಲ್ಲಿ ಸಿಂಹಾಸನವೊಂದು ಮಾತ್ರ ಸ್ವಲ್ಪ ರೂಪ ಬದಲಿಸಿಕೊಂಡು ಇಲ್ಲಿಗೆ ಬಂದಿದೆ.

ನಗು ಬರದೇ ಇದ್ದರೂ ನಗಬೇಕು ಅಂದರೆ ಅದು ನಾಟಕ ಅಲ್ವಾ?

ಮೊದಲ ಅರ್ಧ ನಿಮಿಷ ನಾಟಕವೇ ಹೌದು, ಮತ್ತು ಅದರಲ್ಲಿ ತಪ್ಪೇನಿಲ್ಲ. ಅನಂತರ ನಡೆಯುವುದು ಬೇರೆ. ಎದುರಿಗಿದ್ದವರ ಕಣ್ಣು ನೋಡುತ್ತಾ "ಹೋ ಹೋ, ಹಾ ಹಾ ಹಾ" ಎಂದಾಗ ಅವರ ಮುಖದ ಅವಸ್ಥೆ ಕಂಡು ನಮಗೆ, ನಮ್ಮದನ್ನು ಕಂಡು ಅವರಿಗೆ ನಿಜವಾದ ನಗು ಉಕ್ಕುತ್ತದೆ. ನಗುವಿನ ಬಗ್ಗೆ ದೀರ್ಘಕಾಲ ಅಧ್ಯಯನ ನಡೆಸಿದ ಅಮೆರಿಕದ ಮನೋವಿಜ್ಞಾನಿ ರಾಬರ್ಟ್ ಪ್ರೊವೈನ್ ಅವರು, ಮನುಷ್ಯ ಒಂಟಿಯಾಗಿದ್ದಾಗ ನಗುವುದಕ್ಕಿಂತ ಜೊತೆಯಲ್ಲಿದ್ದಾಗ ಸುಮಾರು 30 ಪಟ್ಟು ಹೆಚ್ಚು ನಗುತ್ತಾನೆಂದು ಕಂಡುಕೊಂಡರು. ನಗೆ ಯೋಗ ನಿಂತಿರುವುದು ಈ ಅಂಟುಗುಣದ ಮೇಲೆ.

ಆದರೆ "ದೇಹಕ್ಕೆ ನಿಜ ನಗು ಯಾವುದು, ಹುಸಿ ನಗು ಯಾವುದು ಎಂಬ ಭೇದವೇ ತಿಳಿಯುವುದಿಲ್ಲ" ಎಂದು ಅನೇಕ ಶಿಬಿರಗಳಲ್ಲಿ ಹೇಳುವುದನ್ನು ನಾನು ಹೇಳುವುದಿಲ್ಲ. ಆ ಮಾತಿಗಿರುವ ಆಧಾರ ತೆಳುವಾದದ್ದು. ತೋರಿಕೆಯ ನಗು ನಿಜದ ನಗುವಿಗೆ ದಾರಿ ಮಾಡಿಕೊಡುತ್ತದೆ ಎಂಬಷ್ಟನ್ನು ಮಾತ್ರ ಧೈರ್ಯವಾಗಿ ಹೇಳಬಲ್ಲೆ.

ಇದರಿಂದ ನಿಜವಾಗಿ ಏನು ಉಪಯೋಗ? ಸಂಶೋಧನೆ ಏನಾದರೂ ಆಗಿದೆಯಾ?

ಆಗಿದೆ. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ರಾಬಿನ್ ಡನ್‌ಬಾರ್ ಮತ್ತು ಸಂಗಡಿಗರು, ಜೊತೆಗೂಡಿ ನಕ್ಕವರಲ್ಲಿ ನೋವು ತಾಳುವ ಶಕ್ತಿ ಹೆಚ್ಚುವುದನ್ನು ತೋರಿಸಿದರು. ಫಿನ್‌ಲೆಂಡಿನ ಟುರ್ಕು ನಗರದ ಸಂಶೋಧಕರು 2017ರಲ್ಲಿ, ಗೆಳೆಯರ ಜೊತೆ ನಕ್ಕ ಬಳಿಕ ಮಿದುಳಿನಲ್ಲಿ ಎಂಡಾರ್ಫಿನ್‌ನಂಥ ನೋವುನಿವಾರಕ ರಾಸಾಯನಿಕಗಳು ಬಿಡುಗಡೆಯಾಗುವುದನ್ನು ಸ್ಕ್ಯಾನ್ ಮೂಲಕ ಗುರುತಿಸಿದರು. ಇವೆರಡೂ ನಗುವಿನ ಕುರಿತಾದವು. ನಗೆ ಯೋಗದ ಕುರಿತಾದವಲ್ಲ. ಕೆಲಸದ ಜಾಗಕ್ಕೇ ಸಂಬಂಧಿಸಿದ್ದೆಂದರೆ ಅಮೆರಿಕದ ಒಂದು ಮಾನಸಿಕ ಆರೋಗ್ಯ ಕೇಂದ್ರದ 33 ನೌಕರರ ಮೇಲೆ ನಡೆದು 2007ರಲ್ಲಿ ಪ್ರಕಟವಾದ ಅಧ್ಯಯನ. ಅವರು ಸತತ 15 ಕೆಲಸದ ದಿನಗಳಲ್ಲಿ ದಿನಕ್ಕೆ 15 ನಿಮಿಷ ನಕ್ಕರು, ಮತ್ತು ತಮ್ಮ ಕೈಲಾಗುತ್ತದೆ ಎಂಬ ಆತ್ಮವಿಶ್ವಾಸ ಹಾಗೂ ಸಹೋದ್ಯೋಗಿಗಳೊಂದಿಗಿನ ಒಡನಾಟ ಸುಧಾರಿಸಿದೆಯೆಂದು ತಿಳಿಸಿದರು. ಗುಂಪು ಚಿಕ್ಕದು, ಉತ್ತರಗಳೂ ಅವರವರೇ ಹೇಳಿಕೊಂಡವು. ಆದ್ದರಿಂದ ನಗೆ ಯೋಗ ಸಕ್ಕರೆ ಕಾಯಿಲೆಯನ್ನು ಗುಣಪಡಿಸುತ್ತದೆ, ಕ್ಯಾನ್ಸರ್ ತಡೆಯುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಬಿಗಿದ ಹೆಗಲು ಸಡಿಲವಾಗುತ್ತದೆ, ಮಾತು ಬಿಟ್ಟಿದ್ದವರ ನಡುವೆ ಒಂದಷ್ಟು ಸಲಿಗೆ ಬರುತ್ತದೆ, ಮುಂದಿನ ಒಂದೆರಡು ಗಂಟೆ ಹಗುರಾಗಿ ಕಳೆಯುತ್ತದೆ. ದುಡಿಯುವ ಜನರಿಗೆ ಇದೇನೂ ಕಡಿಮೆಯಲ್ಲ.

## ಕೆಲಸದ ಜಾಗದಲ್ಲಿ ಆರಂಭಿಸುವುದು

ನಮ್ಮದು ಬ್ಯಾಂಕ್ ಶಾಖೆ. ಬಾಗಿಲು ತೆಗೆಯೋ ಮೊದಲೇ ಜನ ನಿಂತಿರ್ತಾರೆ. ಯಾವಾಗ ಮಾಡೋದು?

ಬಾಗಿಲು ತೆರೆಯುವ ಮುನ್ನ ಹತ್ತು ನಿಮಿಷ ಸಿಕ್ಕರೂ ಸಾಕು, ಆದರೆ ಅದು ಕೆಲಸದ ಅವಧಿಯೊಳಗಿನ ಸಮಯವಾಗಿರಬೇಕು. "ಹತ್ತು ನಿಮಿಷ ಬೇಗ ಬನ್ನಿ" ಎಂದರೆ ಮಗುವನ್ನು ಶಾಲೆಗೆ ಬಿಟ್ಟು ಬರುವವರಿಗೂ ಹರಿಹರದಿಂದ ಬಸ್ ಹಿಡಿದು ಬರುವವರಿಗೂ ನಗೆ ಯೋಗ ಇನ್ನೊಂದು ಹೊರೆಯಾಗುತ್ತದೆ. ಕೇಂದ್ರ ಆಯುಷ್ ಸಚಿವಾಲಯವು ಕೆಲಸದ ಜಾಗಕ್ಕೆಂದೇ ಐದು ನಿಮಿಷದ 'ವೈ-ಬ್ರೇಕ್' ಯೋಗ ವಿರಾಮವನ್ನು ರೂಪಿಸಿದೆ. ಅಷ್ಟು ಬಿಡುವು ಈಗಾಗಲೇ ಇರುವ ಕಚೇರಿಗಳು ಅದಕ್ಕೆ ಇನ್ನೈದು ನಿಮಿಷ ಸೇರಿಸಿಕೊಳ್ಳಬಹುದು. ಊಟವಾದ ಕೂಡಲೇ ಮಾತ್ರ ಬೇಡ. ಹೊಟ್ಟೆ ತುಂಬಿರುವಾಗ ಜೋರಾಗಿ ನಕ್ಕರೆ ಹುಳಿತೇಗು ಬರುತ್ತದೆ.

ಹದಿನೈದು ನಿಮಿಷದಲ್ಲಿ ಏನೇನು ಮಾಡಿಸಬೇಕು? ಒಂದೊಂದಾಗಿ ಹೇಳಿ ಮೇಡಂ.

ಎಲ್ಲರೂ ಒಂದು ತೋಳಿನಳತೆಯ ಅಂತರದಲ್ಲಿ ವೃತ್ತಾಕಾರವಾಗಿ ನಿಲ್ಲಬೇಕು. ಚಪ್ಪಲಿ ಬಿಡಬೇಕೆಂದೇನಿಲ್ಲ, ಆದರೆ ಎತ್ತರದ ಹಿಮ್ಮಡಿಯದ್ದಾದರೆ ಬಿಡುವುದು ಲೇಸು. ಮೊದಲ ಎರಡು ನಿಮಿಷ "ಹೋ ಹೋ, ಹಾ ಹಾ ಹಾ" ಎಂದು ಎರಡು, ಮೂರರ ಲೆಕ್ಕದಲ್ಲಿ ಚಪ್ಪಾಳೆ ತಟ್ಟಬೇಕು. ಬೆರಳಿಗೆ ಬೆರಳು, ಅಂಗೈಗೆ ಅಂಗೈ ತಾಗುವಂತೆ ತಟ್ಟಬೇಕು. ಫೈಲು ಹೊತ್ತು, ಕೀಬೋರ್ಡ್ ಕುಟ್ಟಿ ಮರಗಟ್ಟಿದ ಕೈಗಳು ಅಷ್ಟರಲ್ಲೇ ಬೆಚ್ಚಗಾಗುತ್ತವೆ. ಆಮೇಲೆ ಎರಡು ಕೈಗಳನ್ನು ಮೇಲೆತ್ತುತ್ತಾ ಉಸಿರು ಎಳೆದುಕೊಂಡು, ಒಂದು ಕ್ಷಣ ತಡೆದು, ಕೈ ಇಳಿಸುತ್ತಾ ನಗುತ್ತಾ ಉಸಿರು ಬಿಡಬೇಕು. ಇದನ್ನು ಪ್ರತಿಯೊಂದು ನಗೆಯ ನಡುವೆಯೂ ಒಮ್ಮೆ ಮಾಡಬೇಕು; ಇದನ್ನು ಬಿಟ್ಟರೆ ತಲೆ ಸುತ್ತುವ ಸಂಭವವಿದೆ.

ಅಲ್ಲಿಂದ ಮುಂದೆ ನಾಲ್ಕೈದು ನಗೆಗಳು. ನಮಸ್ಕಾರದ ನಗೆಯಲ್ಲಿ ಕೈ ಮುಗಿದು ಒಬ್ಬೊಬ್ಬರ ಕಣ್ಣನ್ನೇ ನೋಡುತ್ತಾ ನಗುತ್ತಾ ದಾಟಬೇಕು. ಫೋನ್ ನಗೆಯಲ್ಲಿ ಖಾಲಿ ಕೈಯನ್ನು ಕಿವಿಗಿಟ್ಟುಕೊಂಡು, ಅತ್ತ ಕಡೆಯವರು ಹೇಳಿದ್ದನ್ನು ಕೇಳಿ ನಗು ತಡೆಯಲಾಗದವರಂತೆ ನಡೆದಾಡಬೇಕು. ಸಿಂಹದ ನಗೆಯಲ್ಲಿ ನಾಲಿಗೆಯನ್ನು ಪೂರ್ತಿ ಹೊರಚಾಚಿ, ಕಣ್ಣರಳಿಸಿ, ಬೆರಳುಗಳನ್ನು ಪಂಜದಂತೆ ಹಿಡಿದು ಗಂಟಲಿನಿಂದ ನಗಬೇಕು. ಹಿರಿಯ ಅಧಿಕಾರಿಗಳು ಹಿಂಜರಿಯುವುದು ಇಲ್ಲಿಯೇ, ಇಡೀ ಶಾಖೆ ಮನಬಿಚ್ಚಿ ನಗುವುದೂ ಇಲ್ಲಿಯೇ. ಏರುನಗೆಯಲ್ಲಿ ಮುಗುಳ್ನಗೆಯಿಂದ ಹೊರಟು, ಕಿಲಕಿಲ ನಗೆಗೆ ಬಂದು, ಹೊಟ್ಟೆ ಹಿಡಿದು ನಗುವವರೆಗೆ ಹೋಗಿ, ಅದೇ ದಾರಿಯಲ್ಲಿ ಹಿಂತಿರುಗಬೇಕು. ಒಂದೊಂದಕ್ಕೂ 30ರಿಂದ 40 ಸೆಕೆಂಡು ಸಾಕು, ಎಳೆದಾಡಬಾರದು.

ಕೊನೆಯ ಮೂರು ನಿಮಿಷ ನಗು ಬೇಡ. ಕುಳಿತು ಕಣ್ಣು ಮುಚ್ಚಿ, ತುಟಿ ಮುಚ್ಚಿ ದುಂಬಿಯಂತೆ ಗುಂಯ್‌ಗುಡುತ್ತಾ ಉಸಿರು ಬಿಡಬೇಕು. ಈ ಭಾಗವನ್ನು ಬಿಟ್ಟು ನೇರ ಕೌಂಟರಿಗೆ ಹೋದರೆ ಜನ ಉತ್ಸಾಹದಲ್ಲೇ ತೇಲುತ್ತಿರುತ್ತಾರೆ, ಹಣ ಎಣಿಸುವುದರಲ್ಲಿ ಗಮನ ನಿಲ್ಲುವುದಿಲ್ಲ.

ನಾವು ಗಾರ್ಮೆಂಟ್ಸ್‌ನಲ್ಲಿ ಟೈಲರ್‌ಗಳು, ಹೆಣ್ಣುಮಕ್ಕಳೇ ಜಾಸ್ತಿ. ಗಂಡಸರ ಎದುರಿಗೆ ನಾಲಿಗೆ ಚಾಚಿ ನಗೋಕೆ ಮುಜುಗರ. ಏನು ಮಾಡೋದು?

ಮುಜುಗರವಾಗುವುದನ್ನು ಮಾಡಬೇಕಾಗಿಲ್ಲ. ಹೆಣ್ಣುಮಕ್ಕಳೇ ಬೇರೆ ವೃತ್ತ ಮಾಡಿಕೊಂಡು, ನಡೆಸಿಕೊಡುವವರೂ ನಿಮ್ಮಲ್ಲೊಬ್ಬರೇ ಆಗುವುದು ಎಲ್ಲಕ್ಕಿಂತ ಒಳ್ಳೆಯದು. ಲೈನಿನ ಸೂಪರ್‌ವೈಸರ್ ಎದುರಿಗೆ ನಿಂತು ನೋಡುತ್ತಿರಬಾರದು. ಒಳಗೆ ಬಂದು ನಗಬೇಕು, ಇಲ್ಲವೇ ಆಚೆ ಇರಬೇಕು. ಮೊಬೈಲಿನಲ್ಲಿ ವಿಡಿಯೊ ಮಾಡುವುದನ್ನು ಪೂರ್ತಿ ನಿಷೇಧಿಸಬೇಕು, ಏಕೆಂದರೆ ನಾಲಿಗೆ ಚಾಚಿದ ಒಂದು ಚಿತ್ರ ಯಾವುದೋ ಗುಂಪಿಗೆ ಹೋದರೆ ಆ ಹೆಣ್ಣುಮಗಳು ಊರ ಮುಂದೆ ನಗೆಪಾಟಲಾಗುತ್ತಾಳೆ. ಕೈ ಕೈ ತಟ್ಟುವ, ಅಪ್ಪಿಕೊಳ್ಳುವ, ಹೆಗಲ ಮೇಲೆ ಕೈಹಾಕುವ ನಗೆಗಳನ್ನು ಕೆಲಸದ ಜಾಗದಲ್ಲಿ ನಾನು ಮಾಡಿಸುವುದೇ ಇಲ್ಲ. ಕೆಲಸದ ಜಾಗದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯಂತೆ ಹತ್ತು ಅಥವಾ ಹೆಚ್ಚು ನೌಕರರಿರುವ ಕಡೆ ಆಂತರಿಕ ಸಮಿತಿ ಇರಬೇಕು. ಆ ಸಮಿತಿಯವರಿಗೆ ಮೊದಲೇ ತಿಳಿಸಿ, ಏನೇನು ಮಾಡಿಸಲಾಗುತ್ತದೆ ಎಂಬುದನ್ನು ಅವರಿಗೆ ತೋರಿಸಿ ಆರಂಭಿಸುವುದು ಸರಿಯಾದ ಕ್ರಮ.

ಇನ್ನೊಂದು ಮಾತು. ಕಾರ್ಖಾನೆಯಲ್ಲಿ ದುಡಿಯುವವರಿಗೆ ನಡುವೆ ಅರ್ಧ ಗಂಟೆಯಾದರೂ ಬಿಡುವು ಕೊಡಬೇಕೆಂಬ ನಿಯಮ 1948ರ ಕಾರ್ಖಾನೆ ಕಾಯ್ದೆಯಲ್ಲೇ ಬಂದದ್ದು. ಆ ಬಿಡುವು ಊಟಕ್ಕೆ, ಕಾಲು ಚಾಚಿ ಕೂರುವುದಕ್ಕೆ ಇರುವಂಥದ್ದು. ನಗೆ ಯೋಗಕ್ಕೆ ಅದರಲ್ಲಿ ಪಾಲು ಕೇಳಬಾರದು. ಆ ಹದಿನೈದು ನಿಮಿಷಕ್ಕೆ ಅಂದಿನ ಟಾರ್ಗೆಟ್‌ನಲ್ಲೂ ಅಷ್ಟು ಕಡಿತ ಮಾಡಬೇಕು. ಮಾಡದಿದ್ದರೆ ನಕ್ಕ ಮೇಲೆ ಮಿಷನ್ ಇನ್ನಷ್ಟು ವೇಗವಾಗಿ ಓಡಿಸಬೇಕಾಗುತ್ತದೆ.

ಮಂಡಕ್ಕಿ ಭಟ್ಟಿಯಲ್ಲಿ ಕೆಲಸ ಮಾಡೋರಿಗೆ ಹೇಳಿಕೊಡ್ತೀರಾ?

ಭಟ್ಟಿಯ ಒಳಗೆ ಬೇಡ. ಒಲೆಯ ಹೊಗೆ, ಬೂದಿ, ಕಾದ ಮರಳಿನ ಧೂಳು ತುಂಬಿರುವ ಕಡೆ ನಗುತ್ತಾ ಆಳವಾಗಿ ಉಸಿರೆಳೆದರೆ ಅದೆಲ್ಲವೂ ಎದೆಯ ಆಳಕ್ಕೆ ಇಳಿಯುತ್ತದೆ. ಬೆಂಕಿ ಆರಿಸಿದ ಮೇಲೆ, ಮುಖ ತೊಳೆದು, ನೀರು ಕುಡಿದು, ಬಯಲಿನಲ್ಲಿ ಮಾಡಬಹುದು. ಕೆಮ್ಮು, ದಮ್ಮು ಇರುವವರು ಮೊದಲು ವೈದ್ಯರಿಗೆ ತೋರಿಸಬೇಕು. ನನ್ನ ಅಭಿಪ್ರಾಯವನ್ನು ಕೇಳಿದರೆ, ಅಲ್ಲಿ ನಗೆ ಯೋಗಕ್ಕಿಂತ ಮೊದಲು ಬರಬೇಕಾದದ್ದು ಎತ್ತರದ ಹೊಗೆ ಕೊಳವೆ ಮತ್ತು ಗಾಳಿಯಾಡುವ ಕಿಟಕಿ.

ಏಪ್ರಿಲ್ ಬಿಸಿಲಲ್ಲಿ ನಿಲ್ಲಿಸೋದು ಸರಿಯಾ?

ಸರಿಯಲ್ಲ. ಬೇಸಿಗೆಯಲ್ಲಿ ಬೆಳಿಗ್ಗೆ ಒಂಬತ್ತರೊಳಗೆ ಅಥವಾ ನೆರಳಿನಲ್ಲಿ ಮಾಡಬೇಕು, ಮೊದಲೂ ಕೊನೆಗೂ ನೀರು ಕುಡಿಯಬೇಕು.

ನಮ್ಮ ಕೆಲಸಕ್ಕೆ ಹೊಂದೋ ನಗೆ ನಾವೇ ಕಟ್ಟಿಕೊಳ್ಳಬಹುದಾ?

ಕಟ್ಟಿಕೊಳ್ಳಲೇಬೇಕು. ಪಾಠಪಟ್ಟಿಯಲ್ಲಿ ಬರುವ ಮಿಲ್ಕ್‌ಶೇಕ್ ನಗೆ, ಕ್ರೆಡಿಟ್ ಕಾರ್ಡ್ ಬಿಲ್ಲಿನ ನಗೆಗಳಿಗಿಂತ ಇಲ್ಲಿನವರೇ ಕಟ್ಟಿದ ನಗೆಗಳಿಗೆ ಜೀವ ಹೆಚ್ಚು. ಬೆಣ್ಣೆ ದೋಸೆಯ ನಗೆಯನ್ನು ಹೀಗೆ ಮಾಡುತ್ತೇವೆ: ಕಾದ ಕಾವಲಿಗೆ ನೀರು ಚಿಮುಕಿಸಿದಂತೆ "ಚುಂಯ್" ಎಂದು ಉಸಿರು ಬಿಡುವುದು, ಹಿಟ್ಟು ಹರಡಿದಂತೆ ಕೈಯನ್ನು ದೊಡ್ಡ ಸುತ್ತು ತಿರುಗಿಸುತ್ತಾ "ಹೋ" ಎನ್ನುವುದು, ಮೇಲೆ ಬೆಣ್ಣೆ ಇಟ್ಟು ಅದು ಕರಗುವಾಗ ಹೆಗಲು, ಮೊಣಕಾಲು ಸಡಿಲಬಿಟ್ಟು ಕೆಳಗಿಳಿಯುತ್ತಾ ನಗುವುದು. ಎಪಿಎಂಸಿಯ ಅಂಗಡಿಗಳಲ್ಲಿ ಕೂಗಿ ಹರಾಜು ಹಾಕುವವರ ಧಾಟಿಯಲ್ಲಿ ನಗುವಿನ ಬೆಲೆಯನ್ನು ಏರಿಸುತ್ತಾ ಹೋಗುವುದು ಮತ್ತೊಂದು. ಒಂದೇ ನಿಯಮವಿದೆ: ಒಬ್ಬ ವ್ಯಕ್ತಿಯ ನಡಿಗೆಯನ್ನಾಗಲಿ ತೊದಲನ್ನಾಗಲಿ ಅಣಕಿಸಬಾರದು, ಕಚೇರಿಗೆ ಬರುವ ರೈತರನ್ನು, ಗ್ರಾಹಕರನ್ನು, ರೋಗಿಗಳನ್ನು ನಟಿಸಬಾರದು.

## ಆರೋಗ್ಯಕ್ಕೆ ಸಂಬಂಧಿಸಿದವು

ನನಗೆ ಬಿಪಿ ಇದೆ, ನಮ್ಮ ಸಹೋದ್ಯೋಗಿಗೆ ಹರ್ನಿಯಾ ಆಪರೇಷನ್ ಆಗಿದೆ. ಯಾರ್ಯಾರು ಮಾಡಬಾರದು?

ಜೋರಾಗಿ ನಕ್ಕಾಗ ಹೊಟ್ಟೆಯೊಳಗಿನ ಒತ್ತಡ ಕೆಮ್ಮಿದಾಗ ಏರುವಂತೆಯೇ ಏರುತ್ತದೆ. ಆದ್ದರಿಂದ ಹರ್ನಿಯಾ ಇರುವವರು, ಹೊಟ್ಟೆ ಅಥವಾ ಎದೆಯ ಶಸ್ತ್ರಚಿಕಿತ್ಸೆಯಾಗಿ ಇನ್ನೂ ಪೂರ್ತಿ ಮಾಯದವರು, ಗರ್ಭಕೋಶ ಜಾರಿರುವವರು, ರಕ್ತ ಬೀಳುವ ಮೂಲವ್ಯಾಧಿ ಇರುವವರು, ಹತೋಟಿಗೆ ಬಾರದ ಬಿಪಿ ಇರುವವರು, ಹೃದ್ರೋಗಿಗಳು, ಮೂರ್ಛೆರೋಗ ಇರುವವರು, ಕಣ್ಣಿನ ಒತ್ತಡ ಹೆಚ್ಚಿರುವವರು, ತೀವ್ರ ಬೆನ್ನುನೋವಿನವರು ಮತ್ತು ಗರ್ಭಿಣಿಯರು ತಮ್ಮ ವೈದ್ಯರನ್ನು ಕೇಳದೆ ಇದಕ್ಕೆ ಇಳಿಯಬಾರದು. ಮಾತ್ರೆಯಿಂದ ಬಿಪಿ ಹತೋಟಿಯಲ್ಲಿದ್ದು ವೈದ್ಯರು ಒಪ್ಪಿದರೆ, ಉಸಿರು ಕಟ್ಟದೆ ಮೆಲ್ಲಗೆ ಮಾಡಬಹುದು. ಹೆರಿಗೆಯ ಬಳಿಕ ಕೆಲವರಿಗೆ ನಕ್ಕಾಗ ಮೂತ್ರ ಹನಿಯುತ್ತದೆ. ಅದನ್ನು ಬಾಯಿಬಿಟ್ಟು ಹೇಳಲಾರದೆ ಅವರು ಹಿಂದೆ ಉಳಿಯುತ್ತಾರೆ. ಕಾರಣ ಕೇಳದೆ ಅವರನ್ನು ಬಿಟ್ಟುಬಿಡಬೇಕು.

ಖಿನ್ನತೆಗೆ ಮಾತ್ರೆ ತಗೊಳ್ತಿದೀನಿ. ನಗೆ ಯೋಗ ಮಾಡಿದರೆ ಮಾತ್ರೆ ಬಿಡಬಹುದಾ?

ಬಿಡಬೇಡಿ. ಮಾತ್ರೆಯನ್ನು ಕಡಿಮೆ ಮಾಡುವುದು, ನಿಲ್ಲಿಸುವುದು ನಿಮ್ಮ ವೈದ್ಯರ ತೀರ್ಮಾನ. ನಗೆ ಯೋಗ ಮಾಡಬೇಕೆನಿಸಿದ ದಿನ ಮಾಡಿ, ಬೇಡವೆನಿಸಿದ ದಿನ ಬಿಡಿ. ಎಲ್ಲರೂ ನಗುತ್ತಿರುವಾಗ ತನಗೊಬ್ಬನಿಗೇ ನಗು ಬಾರದಿದ್ದರೆ ಕೆಲವರಿಗೆ ಸಂಕಟ ಇನ್ನೂ ಹೆಚ್ಚುತ್ತದೆ, ಅದು ನಿಮ್ಮ ದೋಷವಲ್ಲ. ಮನಸ್ಸು ತೀರಾ ಕುಗ್ಗಿದಾಗ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಈ ಸೇವೆ ಉಚಿತ, ಕನ್ನಡದಲ್ಲೂ ಮಾತನಾಡುತ್ತಾರೆ.

ನಾನು ಸ್ಟಾಫ್ ನರ್ಸ್. ವಾರ್ಡಲ್ಲಿ ನೋವಲ್ಲಿರೋರ ಮಧ್ಯೆ ನಗೋದು ಹೇಗೆ?

ವಾರ್ಡಿನಲ್ಲಿ ನಗಬಾರದು. ಮಗುವನ್ನು ಐಸಿಯುನಲ್ಲಿ ಮಲಗಿಸಿ ಹೊರಗೆ ಕುಳಿತ ತಾಯಿಯ ಕಿವಿಗೆ ಸಿಬ್ಬಂದಿಯ ನಗೆ ಬಿದ್ದರೆ ಅವಳಿಗಾಗುವ ನೋವಿಗೆ ಯಾವ ವಿವರಣೆಯೂ ಸಾಂತ್ವನವಾಗದು. ಪಾಳಿ ಬದಲಾಗುವ ಹೊತ್ತಿನಲ್ಲಿ, ಬಾಗಿಲು ಮುಚ್ಚಿದ ಕೋಣೆಯಲ್ಲಿ ಶಬ್ದವಿಲ್ಲದ ನಗೆ ಮತ್ತು ತುಟಿ ಮುಚ್ಚಿದ ಗುಂಜಾರವದ ನಗೆಯನ್ನು ಮಾಡಬಹುದು. ಶಬ್ದವಿಲ್ಲದ ನಗೆಯಲ್ಲಿ ಬಾಯಿ ಪೂರ್ತಿ ತೆರೆದು ಹೊಟ್ಟೆ ಕುಲುಕಿಸುತ್ತಾ ಉಸಿರನ್ನಷ್ಟೇ ಬಿಡುತ್ತಾರೆ. ರಾತ್ರಿ ಪಾಳಿ ಮುಗಿಸಿದವರಿಗೆ ಮೊದಲು ಬೇಕಾಗಿರುವುದು ನಿದ್ದೆ. ಅವರನ್ನು ಇದಕ್ಕೆಂದು ನಿಲ್ಲಿಸಿಕೊಳ್ಳಬಾರದು.

## ಕಷ್ಟದ ಪ್ರಶ್ನೆಗಳು

ಮ್ಯಾನೇಜರ್ ಕಡ್ಡಾಯ ಮಾಡಿದ್ದಾರೆ, ಹಾಜರಿ ಬೇರೆ ತಗೊಳ್ತಾರೆ. ಬರಲ್ಲ ಅಂದರೆ 'ಟೀಮ್ ಸ್ಪಿರಿಟ್ ಇಲ್ಲ' ಅಂತಾರೆ.

ಕಡ್ಡಾಯದ ನಗೆ ನಗೆಯಲ್ಲ, ಅದು ಇನ್ನೊಂದು ಡ್ಯೂಟಿ. ಬ್ಯಾಂಕಿನ ಕೌಂಟರ್, ಬಸ್ಸಿನ ನಿರ್ವಾಹಕರ ಕೆಲಸ, ಆಸ್ಪತ್ರೆಯ ಸ್ವಾಗತದ ಮೇಜುಗಳಲ್ಲಿ ದಿನವಿಡೀ ಮುಖದ ಮೇಲೆ ನಗು ಹೊತ್ತು ದುಡಿಯುವವರಿಗೆ ಅಧಿಕಾರಿಯ ಎದುರಿಗೂ ನಗಬೇಕೆಂದರೆ ದಣಿವು ಹೆಚ್ಚುತ್ತದೆಯೇ ಹೊರತು ಇಳಿಯುವುದಿಲ್ಲ. ಮನೆಯಲ್ಲಿ ಸಾವಾಗಿ ಸೂತಕ ಕಳೆಯದವರು, ನಗೆ ತಮ್ಮ ಸ್ವಭಾವಕ್ಕೆ ಒಗ್ಗದವರು, ಸುಮ್ಮನೆ ಕುಳಿತು ಚಹಾ ಕುಡಿಯಬೇಕೆನ್ನುವವರು ಎಲ್ಲರಿಗೂ "ಇಲ್ಲ" ಎನ್ನುವ ಹಕ್ಕಿದೆ. ನಾನು ಯಾವುದೇ ಸಂಸ್ಥೆಗೆ ಹೋಗುವ ಮುನ್ನ ಹಾಜರಿ ಇರಬಾರದು, ವಾರ್ಷಿಕ ಮೌಲ್ಯಮಾಪನದಲ್ಲಿ ಇದರ ಪ್ರಸ್ತಾಪ ಬರಬಾರದು ಎಂಬ ಎರಡು ಮಾತುಗಳನ್ನು ಬರಹದಲ್ಲಿ ಪಡೆಯುತ್ತೇನೆ. ನಿಮ್ಮಲ್ಲಿ ಹಾಗಿಲ್ಲದಿದ್ದರೆ ನಾಲ್ಕು ಜನ ಸೇರಿ ಈ ಎರಡನ್ನೇ ವಿನಯದಿಂದ ಕೇಳಿ. ಒಬ್ಬರೇ ಹೋಗಬೇಡಿ.

ಇಬ್ಬರ ಕೆಲಸ ಒಬ್ಬನ ಮೇಲೆ ಹಾಕಿದ್ದಾರೆ, ಓವರ್‌ಟೈಮ್ ದುಡ್ಡಿಲ್ಲ. ಈಗ ನಗಿಸೋಕೆ ಕರೆಸಿದ್ದಾರೆ. ಇದು ನ್ಯಾಯವಾ?

ನ್ಯಾಯವಲ್ಲ, ಮತ್ತು ಈ ಪ್ರಶ್ನೆ ಕೇಳಿದವರ ಸಿಟ್ಟು ನನಗೆ ಪೂರ್ತಿ ಅರ್ಥವಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಬರ್ನ್‌ಔಟ್ ಎಂಬ ಬಳಲಿಕೆಯನ್ನು ವಿವರಿಸುವಾಗ, ಅದನ್ನು ಸರಿಯಾಗಿ ನಿಭಾಯಿಸದೆ ಬಿಟ್ಟ ಕೆಲಸದ ಒತ್ತಡದ ಪರಿಣಾಮವೆಂದು ಹೇಳಿತು. ಅದರ ಲಕ್ಷಣಗಳಾಗಿ ಶಕ್ತಿ ಉಡುಗುವುದು, ಕೆಲಸದಿಂದ ಮನಸ್ಸು ದೂರವಾಗುವುದು, ಕೈಹಿಡಿದ ಕೆಲಸ ಸಾಗದೆನಿಸುವುದು ಎಂಬ ಮೂರನ್ನು ಹೆಸರಿಸಿತು. ಮೂಲ ಕೆಲಸದಲ್ಲಿದ್ದಾಗ ಮದ್ದೂ ಕೆಲಸದಲ್ಲೇ ಆಗಬೇಕು. ಖಾಲಿ ಹುದ್ದೆಯನ್ನು ನಗೆ ತುಂಬುವುದಿಲ್ಲ, ಬಾಕಿ ಸಂಬಳವನ್ನು ನಗೆ ಕೊಡುವುದಿಲ್ಲ. ಸಿಬ್ಬಂದಿ ಹೆಚ್ಚಿಸುವ, ರಜೆ ಕೊಡುವ, ಕೂರಲು ಕುರ್ಚಿ ಹಾಕಿಸುವ ಮಾತಿಗೆ ಬದಲಾಗಿ ನಗೆ ಯೋಗವನ್ನು ಕೇಳುವ ಆಡಳಿತಕ್ಕೆ ನಾನು ಒಲ್ಲೆ ಎನ್ನುತ್ತೇನೆ. ಆ ಮಾತುಗಳ ಜೊತೆಗೆ ಕೇಳಿದರೆ ಸಂತೋಷವಾಗಿ ಹೋಗುತ್ತೇನೆ.

ನಗ್ತಾ ನಗ್ತಾ ಒಬ್ಬರು ಜೋರಾಗಿ ಅತ್ತುಬಿಟ್ಟರು. ನಮಗೆಲ್ಲ ಗಾಬರಿಯಾಯ್ತು. ಏನು ಮಾಡಬೇಕಿತ್ತು?

ಇದು ಅಪರೂಪವಲ್ಲ. ಬಿಗಿಹಿಡಿದ ಮನಸ್ಸು ಸಡಿಲವಾದಾಗ ಒಳಗಿದ್ದುದು ಹೊರಬರುತ್ತದೆ. ಆಗ ಎಲ್ಲರೂ ಸುತ್ತುವರಿದು "ಏನಾಯ್ತು" ಎಂದು ಕೇಳಬಾರದು. ನಡೆಸಿಕೊಡುವವರು ನಗೆಯನ್ನು ನಿಲ್ಲಿಸಿ ಗುಂಪನ್ನು ಉಸಿರಾಟದ ಅಭ್ಯಾಸಕ್ಕೆ ತರಬೇಕು, ಅತ್ತವರ ಆಪ್ತರೊಬ್ಬರು ಅವರನ್ನು ಪಕ್ಕಕ್ಕೆ ಕರೆದೊಯ್ದು ನೀರು ಕೊಟ್ಟು ಜೊತೆಗಿರಬೇಕು. ಅವರಾಗಿ ಹೇಳಿದರೆ ಕೇಳಬೇಕು, ಕೇಳಿದ್ದನ್ನು ಕ್ಯಾಂಟೀನಿಗೆ ತರಬಾರದು. ಮಾರನೆಯ ದಿನವೂ ಅವರು ಹಾಗೆಯೇ ಇದ್ದರೆ ಆಪ್ತಸಲಹೆಗಾರರ ಬಳಿಗೆ ಹೋಗಲು ನೆರವಾಗಬೇಕು.

ಮೊದಲ ವಾರ ಮೂವತ್ತು ಜನ, ಈಗ ಆರು ಜನ. ಸೋತೆವಾ?

ಇಲ್ಲ. ಹೊಸತರ ಕುತೂಹಲ ಕಳೆದ ಮೇಲೆ ಉಳಿಯುವವರೇ ನಿಜವಾದ ಗುಂಪು. ದಿನವೂ ಒಂದೇ ನಗೆ ಮಾಡಿಸಿದರೆ ಬೇಸರ ಬರುವುದು ಸಹಜ. ವಾರಕ್ಕೆ ಎರಡೋ ಮೂರೋ ದಿನಕ್ಕೆ ಇಳಿಸಿ, ಪ್ರತಿ ಸಲ ಬೇರೊಬ್ಬರು ಒಂದು ನಗೆಯನ್ನು ಹೇಳಿಕೊಡುವಂತೆ ಮಾಡಿ. ಬರುವುದನ್ನು ಬಿಟ್ಟವರನ್ನು ಚುಚ್ಚಿ ಮಾತಾಡಬೇಡಿ.

ಇದರಿಂದ ಉಪಯೋಗ ಆಗ್ತಿದೆ ಅಂತ ಆಡಳಿತಕ್ಕೆ ತೋರಿಸೋದು ಹೇಗೆ?

ಹೆಸರು ಬರೆಯದ ಚೀಟಿಯಲ್ಲಿ, ಆರಂಭಕ್ಕೆ ಮುಂಚೆ ಒಮ್ಮೆ ಮತ್ತು ಎರಡು ತಿಂಗಳ ಬಳಿಕ ಒಮ್ಮೆ, ಅವೇ ನಾಲ್ಕೈದು ಪ್ರಶ್ನೆಗಳನ್ನು ಕೇಳಿ: ರಾತ್ರಿ ನಿದ್ದೆ ಹೇಗಿದೆ, ಬೆಳಿಗ್ಗೆ ಕೆಲಸಕ್ಕೆ ಹೊರಡುವಾಗ ಮನಸ್ಸು ಹೇಗಿರುತ್ತದೆ, ಕಷ್ಟ ಬಂದಾಗ ಇಲ್ಲಿ ಯಾರನ್ನಾದರೂ ಕೇಳಬಲ್ಲಿರಾ, ಕುತ್ತಿಗೆ ಮತ್ತು ಹೆಗಲು ನೋವು ಎಷ್ಟಿದೆ. ಭಾಗವಹಿಸದವರಿಗೂ ಅದೇ ಚೀಟಿಯನ್ನು ಕೊಡಿ, ಏಕೆಂದರೆ ಮಾರ್ಚ್ ಲೆಕ್ಕಪತ್ರದ ಗಡಿಬಿಡಿ ಮುಗಿದ ಮೇಲೆ ಎಲ್ಲರ ಮನಸ್ಸೂ ತಾನಾಗಿಯೇ ಹಗುರಾಗಿರಬಹುದು. ಬದಲಾವಣೆ ಕಾಣದಿದ್ದರೆ ಕಾಣಲಿಲ್ಲವೆಂದೇ ಬರೆಯಿರಿ. ಫೋಟೊಗಳು ಯಾವುದಕ್ಕೂ ಸಾಕ್ಷಿಯಾಗುವುದಿಲ್ಲ.

ನಮ್ಮಲ್ಲೇ ಒಬ್ಬರು ನಡೆಸಬಹುದಾ, ಹೊರಗಿನಿಂದ ಟ್ರೈನರ್ ಕರೆಸಲೇಬೇಕಾ?

ಒಳಗಿನವರೇ ನಡೆಸುವುದು ಹೆಚ್ಚು ಕಾಲ ಬಾಳುತ್ತದೆ. ಕಟಾರಿಯಾ ಅವರ ಪದ್ಧತಿಯಲ್ಲಿ ನಗೆ ಯೋಗ ನಾಯಕರ ತರಬೇತಿ ಎರಡು ದಿನದ್ದು. ಸಂಸ್ಥೆಯ ಖರ್ಚಿನಲ್ಲಿ ಇಬ್ಬರನ್ನು ಕಳಿಸಿದರೆ ಒಬ್ಬರು ರಜೆಯಲ್ಲಿದ್ದಾಗ ಇನ್ನೊಬ್ಬರು ನಡೆಸುತ್ತಾರೆ. ಆರಿಸುವಾಗ ಚೆನ್ನಾಗಿ ಹಾಸ್ಯ ಮಾಡುವವರನ್ನು ಹುಡುಕಬೇಡಿ. ಯಾರು ಬಂದರೆ ಅಟೆಂಡರ್‌ನಿಂದ ಮ್ಯಾನೇಜರ್‌ವರೆಗೆ ಎಲ್ಲರೂ ಅಂಜಿಕೆಯಿಲ್ಲದೆ ಮಾತಾಡುತ್ತಾರೋ ಅವರನ್ನು ಆರಿಸಿ. ಆ ಇಬ್ಬರು ಪ್ರತಿ ದಿನ ಆರಂಭಿಸುವ ಮುನ್ನ, ಇವತ್ತು ಹೊಟ್ಟೆನೋವು, ತಲೆಸುತ್ತು, ಜ್ವರ ಇರುವವರು ಕುಳಿತೇ ಉಸಿರಾಟ ಮಾಡಿ ಎಂದು ಹೇಳಬೇಕು, ಮತ್ತು ಕುಳಿತವರತ್ತ ಮತ್ತೆ ಮತ್ತೆ ನೋಡಬಾರದು.